ಮೊದಲು ನುಡಿಯುವವನ ಸಂಕಟ

ನಮ್ಮ ಮನೆಗಳಲ್ಲಿ ಇಸ್ಪೀಟು ಅಪರಿಚಿತವಾದ ವಸ್ತುವೇನೂ ಅಲ್ಲ. ಮದುವೆಯ ಹಿಂದಿನ ರಾತ್ರಿ ಛತ್ರದ ಮೂಲೆಯೊಂದರಲ್ಲಿ ಜಮಖಾನ ಹಾಸಿ, ಇಪ್ಪತ್ತೆಂಟರ ಆಟ ಹೂಡಿ, ಬೆಳಗಿನ ಕಾಫಿ ಬರುವವರೆಗೂ ಕದಲದೆ ಕುಳಿತ ಬಂಧುಗಳನ್ನು ಕಾಣದ ಓದುಗರು ವಿರಳ. ಅಂಥ ಆಟಗಳಲ್ಲೆಲ್ಲ ಹಿಂದೆ ನಿಂತು ಇಣುಕುವವರು ಕೇಳುವ ಮೊದಲ ಪ್ರಶ್ನೆ, 'ಎಲೆ ಹೇಗೆ ಬಿದ್ದಿದೆ?' ಎಂಬುದು. ಅಮೆರಿಕದಲ್ಲಿ ಬೆಳೆದು ಜಗತ್ತಿನ ತುಂಬ ಹರಡಿರುವ ಪೋಕರ್ ಆಟದಲ್ಲಿ ಪಳಗಿದವರು ಅದಕ್ಕೂ ಮುಂಚೆ ಮತ್ತೊಂದನ್ನು ಕೇಳಿಕೊಳ್ಳುತ್ತಾರೆ: 'ಮೊದಲು ಬಾಯಿ ಬಿಡಬೇಕಾದವನು ಯಾರು?'

ತರಕಾರಿ ಮಂಡಿಯಿಂದ ಹಿಡಿದು ನಿವೇಶನದ ಮಾರಾಟದವರೆಗೆ ಯಾವ ವ್ಯವಹಾರದಲ್ಲಾದರೂ ಮೊದಲು ಬೆಲೆ ನುಡಿದವನು ತನ್ನ ಮನಸ್ಸಿನ ಅರ್ಧವನ್ನು ಎದುರಿನವನಿಗೆ ತೆರೆದಿಟ್ಟಂತೆಯೇ. ಕೇಳಿಸಿಕೊಂಡವನಿಗೆ ಯೋಚಿಸಲು ಆಧಾರವೊಂದು ಸಿಕ್ಕಿತು. ಹೇಳಿದವನಿಗೆ ಏನೂ ಸಿಗಲಿಲ್ಲ. ಇಬ್ಬರೇ ಎದುರುಬದುರಾಗಿ ಕುಳಿತು ಆಡುವ ಪೋಕರ್ ಆಟದಲ್ಲಿ ಈ ವ್ಯತ್ಯಾಸವು ಎಲೆಗಳ ಬಲಾಬಲದಷ್ಟೇ ದೊಡ್ಡದಾಗಿ ಪರಿಣಮಿಸುತ್ತದೆ. ಅದರಲ್ಲಿಯೂ ಕೈಗೆ ಬಂದಿರುವ ಎಲೆ ಒಳ್ಳೆಯದೂ ಅಲ್ಲದೆ ಕೆಟ್ಟದ್ದೂ ಅಲ್ಲದೆ ನಡುತರದ್ದಾಗಿದ್ದರೆ, ಮೊದಲು ನುಡಿಯುವವನ ಪಾಡು ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯ ಪಾಡು. ಈ ಸಂಕಟದ ಸ್ವರೂಪವೇನು, ಅದನ್ನು ಲೆಕ್ಕ ಹಾಕಿದವರು ಕಂಡುಕೊಂಡದ್ದೇನು ಎಂಬುದನ್ನು ಇಲ್ಲಿ ಸ್ವಲ್ಪ ನೋಡೋಣ.

ಎರಡು ಕುರ್ಚಿಗಳು

ಇಂದು ಹೆಚ್ಚು ಬಳಕೆಯಲ್ಲಿರುವ ಪೋಕರ್ ಬಗೆಗೆ ಟೆಕ್ಸಾಸ್ ಹೋಲ್ಡೆಮ್ ಎಂದು ಹೆಸರು. ಪ್ರತಿಯೊಬ್ಬ ಆಟಗಾರನಿಗೂ ಎರಡು ಎಲೆಗಳನ್ನು ಮುಚ್ಚಿ ಕೊಡುತ್ತಾರೆ. ಅನಂತರ ಮೇಜಿನ ನಡುವೆ ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು, ಹೀಗೆ ಐದು ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಬಿಚ್ಚಿಡುತ್ತಾರೆ. ತನ್ನ ಎರಡು, ನಡುವಿನ ಐದು, ಒಟ್ಟು ಏಳರಲ್ಲಿ ಅತ್ಯುತ್ತಮವಾದ ಐದನ್ನು ಹೊಂದಿಸಿದವನು ಗೆದ್ದಂತೆ. ಎಲೆ ಬೀಳುವ ಪ್ರತಿಯೊಂದು ಹಂತದಲ್ಲಿಯೂ ಒಂದು ಸುತ್ತು ಪಣ ಒಡ್ಡಬೇಕು. ಸುಮ್ಮನಿರಬಹುದು, ಪಣ ಹೂಡಬಹುದು, ಎದುರಾಳಿ ಹೂಡಿದ್ದನ್ನು ಸರಿಗಟ್ಟಬಹುದು, ಏರಿಸಬಹುದು, ಇಲ್ಲವೆ ಎಲೆಯನ್ನು ಕೆಳಗಿಟ್ಟು ಆ ಕೈಯಿಂದ ಹಿಂದೆಗೆಯಬಹುದು.

ಯಾರೂ ಸುಮ್ಮನೆ ಕಾದು ಕುಳಿತು ಒಳ್ಳೆಯ ಎಲೆಗೇ ಆಡುವಂತಾಗಬಾರದೆಂದು, ಎಲೆ ನೋಡುವ ಮುನ್ನವೇ ಇಷ್ಟು ಎಂದು ಕಡ್ಡಾಯವಾಗಿ ಹಾಕುವ ಪಣವುಂಟು. ಅದಕ್ಕೆ ಬ್ಲೈಂಡ್ ಎನ್ನುತ್ತಾರೆ. ನಮ್ಮ ಮೂರೆಲೆ ಆಟದವರಿಗೂ ಈ ಮಾತು ಹೊಸದಲ್ಲ. ಇಬ್ಬರ ಆಟದಲ್ಲಿ ಎಲೆ ಹಂಚುವ ಸ್ಥಾನದಲ್ಲಿರುವವನು ಸಣ್ಣ ಬ್ಲೈಂಡನ್ನೂ, ಎದುರಿನವನು ಅದರ ಎರಡರಷ್ಟಿರುವ ದೊಡ್ಡ ಬ್ಲೈಂಡನ್ನೂ ಹಾಕುತ್ತಾರೆ. ಮೊದಲ ಸುತ್ತಿನಲ್ಲಿ ಮಾತ್ರ ಹಂಚುವವನು ಮೊದಲು ನುಡಿಯುತ್ತಾನೆ. ಅಲ್ಲಿಂದ ಮುಂದಿನ ಮೂರು ಸುತ್ತುಗಳಲ್ಲಿಯೂ ದೊಡ್ಡ ಬ್ಲೈಂಡ್ ಹಾಕಿದವನೇ ಮೊದಲು ನುಡಿಯಬೇಕು. ಹಂಚುವವನು ಕೇಳಿಸಿಕೊಂಡು ಆಮೇಲೆ ಉತ್ತರ ಕೊಟ್ಟರಾಯಿತು.

ಮೊದಲ ಸರದಿಯ ಕಷ್ಟ ಮೂರು ಬಗೆಯದು. ಒಂದು, ಎದುರಾಳಿಯ ಬಗೆಗೆ ಏನೊಂದೂ ತಿಳಿಯದೆ ತನ್ನ ತೀರ್ಮಾನವನ್ನು ಪ್ರಕಟಿಸಬೇಕು. ಎರಡು, ಸುಮ್ಮನಾದರೆ ಎದುರಾಳಿಯೂ ತನಗೆ ಬೇಕೆನಿಸಿದರೆ ಸುಮ್ಮನಾಗಿ, ಬಿಡಿಗಾಸು ಕೊಡದೆ ಮುಂದಿನ ಎಲೆಯನ್ನು ನೋಡಿಬಿಡುತ್ತಾನೆ. ಅಪೂರ್ಣವಾಗಿದ್ದ ಅವನ ಜೋಡಣೆ ಆ ಎಲೆಯಿಂದ ಪೂರ್ಣವಾದರೂ ಆಗಬಹುದು. ಮೂರು, ನಡುವೆ ಬೆಳೆಯುತ್ತಿರುವ ಪಣದ ರಾಶಿಯನ್ನು ದೊಡ್ಡದು ಮಾಡುವ ಅಥವಾ ಚಿಕ್ಕದಾಗಿಯೇ ಇರಿಸುವ ಕೊನೆಯ ಮಾತು ಪ್ರತಿ ಸುತ್ತಿನಲ್ಲಿಯೂ ಎದುರಾಳಿಯದು. ಬಲವಾದ ಎಲೆ ಬಂದಾಗ ರಾಶಿಯನ್ನು ಬೆಳೆಸುವುದೂ, ದುರ್ಬಲ ಎಲೆ ಬಂದಾಗ ಅದನ್ನು ತಡೆಯುವುದೂ ಮೊದಲ ಸರದಿಯವನಿಗೆ ಸುಲಭವಲ್ಲ.

ನಡುತರದ ಎಲೆ ಎಂದರೇನು?

೫೨ ಎಲೆಗಳಲ್ಲಿ ಎರಡನ್ನು ಆರಿಸುವ ಬಗೆಗಳು ೧,೩೨೬. ಬಣ್ಣಗಳ ಭೇದವನ್ನು ಬಿಟ್ಟು ತರಗತಿಗಳಾಗಿ ವಿಂಗಡಿಸಿದರೆ ೧೬೯. ಇವುಗಳಲ್ಲಿ ಎಕ್ಕದ ಜೋಡಿ ಶಿಖರಪ್ರಾಯವಾದುದು. ಯಾವುದೇ ಎಲೆಗಳ ಎದುರಿಗೆ ಕೊನೆಯವರೆಗೆ ಆಡಿದರೆ ನೂರಕ್ಕೆ ಸುಮಾರು ೮೫ ಸಲ ಗೆಲ್ಲುತ್ತದೆ. ಬೇರೆ ಬೇರೆ ಬಣ್ಣದ ಮೂರು ಮತ್ತು ಎರಡು ತಳದಲ್ಲಿರುವುದು. ಅದಕ್ಕೂ ನೂರಕ್ಕೆ ೩೨ರಷ್ಟು ಭಾಗ್ಯವುಂಟು. ಇವೆರಡರ ನಡುವೆ, ಸರಿಸುಮಾರು ಮಧ್ಯದಲ್ಲಿ ನಿಲ್ಲುವುದು ಬೇರೆ ಬಣ್ಣದ ರಾಣಿ ಮತ್ತು ಏಳು. ಇದರ ಪಾಲು ನೂರಕ್ಕೆ ೫೨ಕ್ಕೆ ತುಸು ಕಡಿಮೆ. ಗಣಕಯಂತ್ರದ ಲೆಕ್ಕದಲ್ಲಿ ನಡುಮಧ್ಯದ್ದೆಂದು ತಿಳಿದುಬಂದುದರಿಂದ ಆಟಗಾರರು ಇದನ್ನು 'ಕಂಪ್ಯೂಟರ್ ಎಲೆ' ಎಂದೇ ಕರೆಯುವುದುಂಟು.

ಒಂದು ಮೇಜಿನ ಸುತ್ತ ಒಂಬತ್ತು ಮಂದಿ ಕುಳಿತಿದ್ದರೆ ಈ ರಾಣಿ-ಏಳನ್ನು ಯಾವ ವಿವೇಕಿಯೂ ಕೈಯಲ್ಲಿ ಉಳಿಸಿಕೊಳ್ಳುವುದಿಲ್ಲ. ಎಂಟು ಜನ ಎದುರಾಳಿಗಳಲ್ಲಿ ಯಾರಾದರೊಬ್ಬರಿಗೆ ಅದಕ್ಕಿಂತ ಮಿಗಿಲಾದದ್ದು ಬಂದೇ ಇರುತ್ತದೆ. ಇಬ್ಬರೇ ಆಡುವಾಗ ಹಾಗಲ್ಲ. ಎದುರಿಗಿರುವ ಒಬ್ಬನಿಗೂ ಹೆಚ್ಚಿನ ಸಲ ಇಂಥದೇ ಅರೆಬರೆ ಎಲೆ ಬಂದಿರುತ್ತದೆ. ಬಿಟ್ಟರೆ ಗೆಲ್ಲಬಹುದಾದುದನ್ನು ಬಿಟ್ಟಂತೆ. ಹಿಡಿದರೆ ಮೂರು ಸುತ್ತು ಕತ್ತಲಲ್ಲಿ ಮೊದಲು ಹೆಜ್ಜೆ ಇಡಬೇಕು.

ಇನ್ನೊಂದು ಲೆಕ್ಕವನ್ನು ಓದುಗರು ಗಮನಿಸಬೇಕು. ಜೋಡಿಯಲ್ಲದ ಎರಡು ಎಲೆಗಳನ್ನು ಹಿಡಿದವನಿಗೆ, ನಡುವೆ ಬೀಳುವ ಮೊದಲ ಮೂರು ಎಲೆಗಳಲ್ಲಿ ತನ್ನ ಎಲೆಗೆ ಜೋಡಿ ಸಿಗುವ ಸಂಭವ ನೂರಕ್ಕೆ ೩೨ ಮಾತ್ರ. ಅಂದರೆ ಮೂರರಲ್ಲಿ ಎರಡು ಸಲ ಬರಿಗೈ. ರಾಣಿ-ಏಳಕ್ಕೆ ನೂರರಲ್ಲಿ ೫೨ರ ಪಾಲು ಎಂದು ಹೇಳಿದೆವಷ್ಟೆ; ಆ ಪಾಲು ಐದು ಎಲೆಗಳೂ ಬಿದ್ದು ಕೈ ಬಿಚ್ಚುವವರೆಗೆ ಉಳಿದುಕೊಂಡರೆ ದೊರೆಯತಕ್ಕದ್ದು. ಮೊದಲ ಸರದಿಯವನು ಬರಿಗೈಯಲ್ಲಿ ಸುಮ್ಮನಾದೊಡನೆ ಎದುರಾಳಿ ಪಣ ಹೂಡುತ್ತಾನೆ. ಇವನು ಎಲೆ ಕೆಳಗಿಡುತ್ತಾನೆ. ಕಾಗದದ ಮೇಲಿನ ಆಸ್ತಿಯ ಒಂದು ಭಾಗ ಹೀಗೆ ಕೈಗೆ ಬಾರದೆಯೇ ಕರಗಿಹೋಗುತ್ತದೆ.

ಫರ್ಹಾನ ಒಂಬತ್ತರ ಜೋಡಿ

ಈ ಸಂಕಟ ಎಷ್ಟು ದೊಡ್ಡ ಬೆಲೆ ತೆರಿಸಬಲ್ಲದೆಂಬುದಕ್ಕೆ ೨೦೦೩ರ ಮೇ ತಿಂಗಳಲ್ಲಿ ಲಾಸ್ ವೇಗಾಸಿನಲ್ಲಿ ನಡೆದುದಕ್ಕಿಂತ ಪ್ರಸಿದ್ಧವಾದ ನಿದರ್ಶನ ಬೇರೊಂದಿಲ್ಲ. ಅಲ್ಲಿನ ಬಿನಿಯನ್ಸ್ ಹಾರ್ಸ್‌ಶೂ ಎಂಬ ಜೂಜುಗೃಹದಲ್ಲಿ ೧೯೭೦ರಲ್ಲಿ ಆರಂಭವಾದ ಪೋಕರ್ ವಿಶ್ವಸರಣಿಯ ಮುಖ್ಯ ಪಂದ್ಯಕ್ಕೆ ಆ ವರ್ಷ ತಲಾ ಹತ್ತು ಸಾವಿರ ಡಾಲರು ಪ್ರವೇಶಧನದ ಮೇಲೆ ೮೩೯ ಮಂದಿ ಕುಳಿತಿದ್ದರು. ಕೊನೆಗೆ ಉಳಿದವರು ಇಬ್ಬರು. ಒಬ್ಬನು ಸ್ಯಾಮ್ ಫರ್ಹಾ. ಲೆಬನಾನಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ, ದೊಡ್ಡ ಪಣದ ಆಟಗಳಲ್ಲಿ ಪಳಗಿದ ವೃತ್ತಿನಿರತ. ಇನ್ನೊಬ್ಬನು ಟೆನೆಸೀ ಸಂಸ್ಥಾನದ ೨೭ ವರ್ಷದ ಲೆಕ್ಕಪತ್ರದ ಗುಮಾಸ್ತ. ನೂರು ಡಾಲರಿಗೂ ಕಡಿಮೆ ತೆತ್ತು ಅಂತರಜಾಲದ ಅರ್ಹತಾ ಪಂದ್ಯವೊಂದರಲ್ಲಿ ಗೆದ್ದು ಬಂದವನು. ಅವನ ಹೆಸರು ಕ್ರಿಸ್ ಮನಿಮೇಕರ್. 'ಹಣ ಮಾಡುವವನು' ಎಂಬ ಅರ್ಥದ ಈ ಹೆಸರು ಕಥೆಗಾರನ ಕಲ್ಪನೆಯಂತೆ ಕೇಳಿಸಿದರೂ ಅವನ ಮನೆತನದ ನಿಜನಾಮವೇ ಅದು.

ನಿರ್ಣಾಯಕವಾದ ಕೈಯಲ್ಲಿ ಫರ್ಹಾನಿಗೆ ಬಂದದ್ದು ಇಸ್ಪೀಟು ರಾಣಿ, ಆಟೀನು ಒಂಬತ್ತು. ಮನಿಮೇಕರನಿಗೆ ಇಸ್ಪೀಟು ರಾಜ, ಆಟೀನು ಏಳು. ಎರಡೂ ನಡುತರದವೇ. ಮನಿಮೇಕರ್ ಒಂದು ಲಕ್ಷಕ್ಕೆ ಏರಿಸಿದ, ಫರ್ಹಾ ಸರಿಗಟ್ಟಿದ. ಮುಂದಿನ ಸುತ್ತುಗಳಲ್ಲೆಲ್ಲ ಮೊದಲು ನುಡಿಯಬೇಕಾದವನು ಫರ್ಹಾ. ನಡುವೆ ಇಸ್ಪೀಟು ಒಂಬತ್ತು, ಡೈಮಂಡು ಎರಡು, ಇಸ್ಪೀಟು ಆರು ಬಿದ್ದುವು. ಮೇಜಿನ ಮೇಲಿನ ಅತಿ ದೊಡ್ಡ ಎಲೆಗೇ ಫರ್ಹಾನಿಗೆ ಜೋಡಿ ಸಿಕ್ಕಿತ್ತು. ಅವನು ಸುಮ್ಮನಾದ, ಎದುರಾಳಿಯೂ ಸುಮ್ಮನಾದ. ನಾಲ್ಕನೆಯದಾಗಿ ಇಸ್ಪೀಟು ಎಂಟು ಬಿತ್ತು. ಫರ್ಹಾ ಮೂರು ಲಕ್ಷ ಹೂಡಿದ. ಮನಿಮೇಕರ್ ಅದನ್ನು ಎಂಟು ಲಕ್ಷಕ್ಕೆ ಏರಿಸಿದ. ಫರ್ಹಾ ಸರಿಗಟ್ಟಿದ. ಐದನೆಯದು ಆಟೀನು ಮೂರು.

ಮನಿಮೇಕರನ ಕೈಯಲ್ಲಿ ಏನೂ ಕೂಡಿಬಂದಿರಲಿಲ್ಲ. ಆರು, ಏಳು, ಎಂಟು, ಒಂಬತ್ತರ ಸರಣಿಗೆ ಇನ್ನೊಂದು ಎಲೆ ಬೇಕಿತ್ತು, ಬರಲಿಲ್ಲ. ನಾಲ್ಕು ಇಸ್ಪೀಟುಗಳಿಗೆ ಐದನೆಯದು ಬೇಕಿತ್ತು, ಅದೂ ಬರಲಿಲ್ಲ. ಆದರೆ ಈ ಸುದ್ದಿ ಫರ್ಹಾನಿಗೆ ಹೇಗೆ ತಿಳಿಯಬೇಕು? ಮೇಜಿನ ಮೇಲೆ ಮೂರು ಇಸ್ಪೀಟುಗಳಿವೆ. ಸರಣಿಗೆ ಒದಗುವ ಎಲೆಗಳೂ ಇವೆ. ಹೂಡಿದರೆ ತನಗಿಂತ ದುರ್ಬಲನು ಓಡಿಹೋಗುವನು, ಬಲಿಷ್ಠನು ಮಾತ್ರ ನಿಲ್ಲುವನು. ಅವನು ಸುಮ್ಮನಾದ. ಮನಿಮೇಕರ್ ತನ್ನಲ್ಲಿದ್ದುದನ್ನೆಲ್ಲ ಒಡ್ಡಿ, ಮುಖದ ಮೇಲೆ ಗೆರೆಯೂ ಚಲಿಸದಂತೆ ಕುಳಿತುಬಿಟ್ಟ.

ರಾಶಿಯಲ್ಲಿ ಆಗಲೇ ೧೮ ಲಕ್ಷಕ್ಕೂ ಮೀರಿ ಬಿಲ್ಲೆಗಳಿದ್ದುವು. ನಿನ್ನ ಬಣ್ಣ ಕೂಡಿಬರಲಿಲ್ಲವೇನೋ ಎಂದು ಫರ್ಹಾ ಎದುರಾಳಿಯನ್ನು ಕೆಣಕಿ ನೋಡಿದ. ಅವನ ಊಹೆ ಅಕ್ಷರಶಃ ಸತ್ಯವಾಗಿತ್ತು. ಆದರೂ ಊಹೆಯ ಮೇಲೆ ಸರ್ವಸ್ವವನ್ನು ಒಡ್ಡಲು ಒಂಬತ್ತರ ಜೋಡಿ ಸಾಲದೆಂದು ಕಂಡಿತು. ಎಲೆಯನ್ನು ಕೆಳಗಿಟ್ಟ. ಸ್ವಲ್ಪ ಹೊತ್ತಿನಲ್ಲಿಯೇ ಐದು ಮತ್ತು ನಾಲ್ಕು ಎಂಬ ಅಲ್ಪ ಎಲೆಗಳಿಂದ ಮನಿಮೇಕರ್ ಕೊನೆಯ ಕೈಯನ್ನೂ ಗೆದ್ದು ೨೫ ಲಕ್ಷ ಡಾಲರು ಪಡೆದ. ಫರ್ಹಾನಿಗೆ ೧೩ ಲಕ್ಷ. ಗುಮಾಸ್ತನೊಬ್ಬನು ಗೆದ್ದ ಸುದ್ದಿ ದೂರದರ್ಶನದಲ್ಲಿ ಹರಡಿ, ಮರುವರ್ಷ ಅದೇ ಪಂದ್ಯಕ್ಕೆ ೨,೫೭೬ ಮಂದಿ ಬಂದರು. ೨೦೦೬ರ ಹೊತ್ತಿಗೆ ಆ ಸಂಖ್ಯೆ ೮,೭೭೩ ಆಯಿತು.

ಫರ್ಹಾನ ತೀರ್ಮಾನವನ್ನು ಹೇಡಿತನವೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ಅದೇ ಎಲೆ, ಅದೇ ಎದುರಾಳಿ, ಸರದಿ ಮಾತ್ರ ಅದಲುಬದಲಾಗಿದ್ದರೆ ಎಂದು ಊಹಿಸಿ ನೋಡಿ. ಆಗ ಕೊನೆಯ ಸುತ್ತಿನಲ್ಲಿ ಮೊದಲು ಬಾಯಿ ಬಿಡಬೇಕಾದವನು ಬರಿಗೈಯ ಮನಿಮೇಕರ್. ಅವನು ಹಿಂಜರಿದು ಸುಮ್ಮನಾಗಿದ್ದರೆ ಫರ್ಹಾ ತಾನೂ ಸುಮ್ಮನಾಗಿ, ಒಂದು ಕಾಸನ್ನೂ ಹೆಚ್ಚಿಗೆ ಒಡ್ಡದೆ, ಒಂಬತ್ತರ ಜೋಡಿಯನ್ನು ಬಿಚ್ಚಿಟ್ಟು ರಾಶಿಯನ್ನು ಬಾಚಿಕೊಳ್ಳಬಹುದಾಗಿತ್ತು. ಆ ದಾರಿ ಅವನಿಗೆ ಮುಚ್ಚಿದ್ದುದು ಕುಳಿತ ಜಾಗದಿಂದ.

ಬಿಟ್ಟುಬಿಡುವುದೇ ವಿವೇಕವೆ?

ಹಾಗಾದರೆ ಕೆಟ್ಟ ಸರದಿಯಲ್ಲಿ ನಡುತರದ ಎಲೆಗಳನ್ನೆಲ್ಲ ಎಸೆದುಬಿಡಬಾರದೇಕೆ? ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. ಸಣ್ಣ ಬ್ಲೈಂಡ್ ೫೦, ದೊಡ್ಡದು ೧೦೦ ಎಂದಿಟ್ಟುಕೊಳ್ಳೋಣ. ಹಂಚುವವನು ೨೫೦ಕ್ಕೆ ಏರಿಸುತ್ತಾನೆ. ಅವನು ಹೊಸದಾಗಿ ಹಾಕಿದ್ದು ೨೦೦. ನೀವು ಬಿಟ್ಟುಕೊಟ್ಟರೆ ಅವನಿಗೆ ದಕ್ಕುವುದು ನಡುವಿನ ೧೫೦. ನೀವು ನೂರಕ್ಕೆ ೫೭ಕ್ಕಿಂತ ಹೆಚ್ಚು ಸಲ ಬಿಟ್ಟುಕೊಡುವಿರಾದರೆ, ಅವನು ತನ್ನ ಎಲೆಯನ್ನು ನೋಡುವ ಗೋಜಿಗೇ ಹೋಗದೆ ಏರಿಸಿ ಲಾಭ ಮಾಡಬಲ್ಲ. ನಿಮ್ಮ ಕಡೆಯಿಂದ ನೋಡಿದರೆ, ಇನ್ನು ೧೫೦ ಹಾಕಿದರೆ ಒಟ್ಟು ರಾಶಿ ೫೦೦. ನೂರಕ್ಕೆ ೩೦ರಷ್ಟು ಪಾಲು ದಕ್ಕಿದರೂ ನಷ್ಟವಿಲ್ಲ. ರಾಣಿ-ಏಳು ಆ ಗೆರೆಗಿಂತ ಮೇಲಿದೆ. ಸರದಿಯ ಕಾರಣದಿಂದ ಸೋರಿಹೋಗುವುದನ್ನು ಕಳೆದಮೇಲೂ ಎಷ್ಟೋ ನಡುತರದ ಎಲೆಗಳು ಉಳಿಸಿಕೊಳ್ಳಲು ತಕ್ಕವೇ ಆಗಿರುತ್ತವೆ.

ಹಿಂದೆ ಅನುಭವಿಗಳು ಒಳಮನಸ್ಸಿನಿಂದ ತೂಗುತ್ತಿದ್ದ ಈ ವಿಚಾರವನ್ನು ಗಣಿತಜ್ಞರು ಬಹುಕಾಲದಿಂದ ಬೆನ್ನಟ್ಟಿದ್ದರು. ಹಂಗೆರಿಯಲ್ಲಿ ಹುಟ್ಟಿದ ಜಾನ್ ಫಾನ್ ನಾಯ್‌ಮನ್ ಅರ್ಥಶಾಸ್ತ್ರಜ್ಞ ಆಸ್ಕರ್ ಮಾರ್ಗೆನ್‌ಸ್ಟರ್ನ್ ಜೊತೆಗೂಡಿ ೧೯೪೪ರಲ್ಲಿ ಪ್ರಕಟಿಸಿದ ಆಟಗಳ ಸಿದ್ಧಾಂತದ ಬೃಹದ್ಗ್ರಂಥದಲ್ಲಿಯೇ ಪೋಕರಿಗೆ ಮೀಸಲಾದ ಭಾಗವಿದೆ. ಹುಸಿ ಬೆದರಿಕೆಯು ಸ್ವಭಾವದ ಕೆಡುಕಲ್ಲ, ಲೆಕ್ಕದ ಅಗತ್ಯ ಎಂಬುದನ್ನು ಅದು ತೋರಿಸಿಕೊಟ್ಟಿತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದ ಸಂಶೋಧಕರು ೨೦೧೫ರ ಜನವರಿಯಲ್ಲಿ ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ಪಣದ ಮೊತ್ತ ನಿಗದಿಯಾಗಿರುವ ಬಗೆಯ ಇಬ್ಬರ ಹೋಲ್ಡೆಮ್ ಆಟವನ್ನು ೪,೮೦೦ ಸಂಸ್ಕಾರಕಗಳಿಂದ ೬೮ ದಿನ ಸತತವಾಗಿ ಲೆಕ್ಕ ಹಾಕಿಸಿ, ಸರಿಸುಮಾರು ದೋಷರಹಿತವಾದ ಆಟವನ್ನು ಕಂಡುಹಿಡಿದರು. ಆ ಗಣಕ ಕಾರ್ಯಕ್ರಮಕ್ಕೆ ಸೀಫಿಯಸ್ ಎಂದು ಹೆಸರಿಟ್ಟರು.

ಸೀಫಿಯಸ್ ಹೇಳಿದ ಎರಡು ಸಂಗತಿಗಳು ನಮ್ಮ ವಿಷಯಕ್ಕೆ ನೇರವಾಗಿ ಸೇರಿದುವು. ಇಬ್ಬರೂ ತಪ್ಪಿಲ್ಲದೆ ಆಡಿದರೆ ಹಂಚುವವನು ಪ್ರತಿ ಕೈಗೆ ದೊಡ್ಡ ಬ್ಲೈಂಡಿನ ಸಾವಿರದಲ್ಲಿ ಸುಮಾರು ೮೮ ಪಾಲನ್ನು ಗಳಿಸುತ್ತಾನೆ ಎಂಬುದು ಮೊದಲನೆಯದು. ಅಂದರೆ ಮೊದಲ ಸರದಿಯಲ್ಲಿ ಕುಳಿತವನು ಎಷ್ಟೇ ಚತುರನಾಗಿದ್ದರೂ ಅಷ್ಟು ಕಳೆದುಕೊಳ್ಳಲೇಬೇಕು. ಅದು ಆ ಕುರ್ಚಿಯ ಬಾಡಿಗೆ. ಎರಡನೆಯದು ಇನ್ನೂ ಸ್ವಾರಸ್ಯಕರ. ಹೆದರಿ ಎಲ್ಲ ಎಲೆಗಳನ್ನೂ ಬಿಟ್ಟುಕೊಡುವವನು ಅದೇ ಕುರ್ಚಿಯಲ್ಲಿ ಸಾವಿರಕ್ಕೆ ಸಾವಿರವನ್ನೂ, ಅಂದರೆ ಇಡೀ ಬ್ಲೈಂಡನ್ನು, ಪ್ರತಿ ಸಲವೂ ಕಳೆದುಕೊಳ್ಳುತ್ತಾನೆ. ಆದುದರಿಂದಲೇ ಈ ಯಂತ್ರ ಕೆಟ್ಟ ಸರದಿಯಲ್ಲಿಯೂ ಸಾಮಾನ್ಯ ಮನುಷ್ಯರಿಗಿಂತ ಹೆಚ್ಚು ಎಲೆಗಳನ್ನು ಆಡುತ್ತದೆ, ಅಪರೂಪಕ್ಕೆ ಮಾತ್ರ ಬಿಡುತ್ತದೆ. ಸಾವಿರಕ್ಕೂ ಎಂಬತ್ತೆಂಟಕ್ಕೂ ನಡುವಿನ ಅಂತರದಲ್ಲಿ ಆಟದ ವಿದ್ಯೆಯೆಲ್ಲ ಅಡಗಿದೆ.

ಪಣಕ್ಕೆ ಮಿತಿಯಿಲ್ಲದ ಬಗೆಯಲ್ಲಿ ಲೆಕ್ಕ ಇನ್ನೂ ಕಠಿಣ. ದೊಡ್ಡ ಮೊತ್ತದ ಬೆದರಿಕೆ ಯಾವಾಗ ಬರುವುದೋ ತಿಳಿಯದು. ಅಲ್ಲಿಯೂ ೨೦೧೭ರ ಜನವರಿಯಲ್ಲಿ ಪಿಟ್ಸ್‌ಬರ್ಗ್ ನಗರದಲ್ಲಿ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯದ ಲಿಬ್ರಾಟಸ್ ಎಂಬ ಗಣಕ ಕಾರ್ಯಕ್ರಮ ನಾಲ್ವರು ನುರಿತ ವೃತ್ತಿನಿರತರೊಡನೆ ೨೦ ದಿನಗಳಲ್ಲಿ ೧,೨೦,೦೦೦ ಕೈಗಳನ್ನು ಇಬ್ಬರ ಆಟವಾಗಿ ಆಡಿತು. ನಾಲ್ವರೂ ಸೋತರು.

ಯಾವುದನ್ನು ಹಿಡಿಯಬೇಕು, ಹೇಗೆ?

ನಡುತರದ ಎಲೆಗಳೆಲ್ಲ ಒಂದೇ ಜಾತಿಯವಲ್ಲ. ಒಂದೇ ಬಣ್ಣದ, ಒತ್ತಿನಲ್ಲಿರುವ ಎಲೆಗಳು, ಗುಲಾಮ-ಒಂಬತ್ತು, ಒಂಬತ್ತು-ಎಂಟು ಇಂಥವು, ಮೊದಲ ಸರದಿಗೆ ಹೆಚ್ಚು ಹೊಂದುತ್ತವೆ. ನಡುವೆ ಎಲೆ ಬಿದ್ದೊಡನೆ ಇವು ಕೂಡಿಬಂದುವೋ ಇಲ್ಲವೋ ಎಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಬೇರೆ ಬಣ್ಣದ ರಾಣಿ-ಮೂರು, ರಾಜ-ಎರಡು ಇಂಥವು ನೋಡಲು ಗಂಭೀರ. ಜೋಡಿ ಸಿಕ್ಕಿದರೂ 'ಇದು ಸಾಕೆ, ಸಾಲದೆ?' ಎಂಬ ಸಂದೇಹವನ್ನು ಕೊನೆಯವರೆಗೂ ಬಿಡುವುದಿಲ್ಲ. ಮೊದಲು ನುಡಿಯುವವನಿಗೆ ದುರ್ಬಲ ಎಲೆಗಿಂತಲೂ ಸಂದೇಹದ ಎಲೆಯೇ ಹೆಚ್ಚು ಹಾನಿಕರ.

ಹಿಡಿದ ಮೇಲೆ ರಾಶಿಯನ್ನು ಚಿಕ್ಕದಾಗಿ ಇರಿಸಿಕೊಳ್ಳುವುದು ಎರಡನೆಯ ನಿಯಮ. ಮೂರನೆಯದು, ಮೊದಲ ಸರದಿಯಲ್ಲಿ ಸುಮ್ಮನಾಗುವಾಗ ಯಾವಾಗಲೂ ದುರ್ಬಲ ಎಲೆಯನ್ನೇ ಹಿಡಿದಿರಬಾರದು. ಇವನು ಸುಮ್ಮನಾದರೆ ಬರಿಗೈ ಎಂದು ಎದುರಾಳಿಗೆ ಒಮ್ಮೆ ತಿಳಿದುಹೋದರೆ ಅವನ ದಂಡಯಾತ್ರೆಗೆ ತಡೆಯೇ ಇರುವುದಿಲ್ಲ.

ಈ ಮೂರನೆಯ ನಿಯಮದ ಶ್ರೇಷ್ಠ ಉದಾಹರಣೆ ೧೯೮೮ರಲ್ಲಿ ಅದೇ ವಿಶ್ವಸರಣಿಯ ಅಂತಿಮ ಕೈಯಲ್ಲಿ ದೊರೆಯುತ್ತದೆ. ಹಿಂದಿನ ವರ್ಷದ ವಿಜೇತ ಜಾನಿ ಚಾನನ ಎದುರಿಗೆ ಕುಳಿತವನು ಎರಿಕ್ ಸೈಡೆಲ್ ಎಂಬ ತರುಣ. ಸೈಡೆಲ್ಲನಿಗೆ ಬಂದದ್ದು ನಮಗೆ ಪರಿಚಿತವಾದ ರಾಣಿ-ಏಳು. ಚಾನನಿಗೆ ಕಳಾವರ ಗುಲಾಮ ಮತ್ತು ಒಂಬತ್ತು. ಎಲೆ ಬೀಳುವ ಮುನ್ನ ಲೆಕ್ಕಕ್ಕೆ ರಾಣಿ-ಏಳೇ ತುಸು ಮೇಲು. ನಡುವೆ ರಾಣಿ, ಹತ್ತು, ಎಂಟು ಬಿದ್ದುವು. ಸೈಡೆಲ್ಲನಿಗೆ ರಾಣಿಯ ಜೋಡಿ. ಚಾನನಿಗೆ ಎಂಟರಿಂದ ರಾಣಿಯವರೆಗೆ ಮುರಿಯದ ಸರಣಿ. ಚಾನ್ ಮೊದಲ ಸರದಿಯಲ್ಲಿದ್ದ. ಅವನು ಎದೆಯುಬ್ಬಿಸಿ ಮೇಲೇರಿ ಹೋಗಲಿಲ್ಲ; ತನ್ನ ಬಲವನ್ನು ಮರೆಮಾಡಿ ಕಾದ. ಐದನೆಯ ಎಲೆ ಬಿದ್ದ ಮೇಲೂ ಸುಮ್ಮನೆಯೇ ಇದ್ದ. ಆ ಮೌನವನ್ನು ದೌರ್ಬಲ್ಯವೆಂದು ಬಗೆದ ಸೈಡೆಲ್ ಇದ್ದಬದ್ದುದನ್ನೆಲ್ಲ ಮುಂದಕ್ಕೆ ತಳ್ಳಿದ. ಚಾನ್ ಸರಿಗಟ್ಟಿ, ೭,೦೦,೦೦೦ ಡಾಲರುಗಳೊಂದಿಗೆ ಸತತ ಎರಡನೆಯ ವರ್ಷವೂ ಪ್ರಶಸ್ತಿ ಗೆದ್ದ. ಸೋತ ಸೈಡೆಲ್ಲನಿಗೆ ೨,೮೦,೦೦೦ ಡಾಲರು ದೊರೆಯಿತು. ಮುಂದೆ ಅವನು ಈ ಆಟದ ಗಣ್ಯರ ಸಾಲಿಗೆ ಸೇರಿದ. ಆ ಕೈಯ ಚಿತ್ರಣ ೧೯೯೮ರ 'ರೌಂಡರ್ಸ್' ಎಂಬ ಚಲನಚಿತ್ರದಲ್ಲಿಯೂ ಬಂದಿದೆ.

ಆಟ ಮತ್ತು ಸಂಸಾರ

ಇಷ್ಟೆಲ್ಲ ಹೇಳಿದುದರಿಂದ ಪೋಕರ್ ನಿರಪಾಯವಾದ ಬುದ್ಧಿವಿಲಾಸವೆಂದು ಯಾರೂ ಭಾವಿಸಬಾರದು. ಕೌಶಲವಿದೆ ಎಂದ ಮಾತ್ರಕ್ಕೆ ಕೌಶಲ ನಮ್ಮಲ್ಲಿದೆ ಎಂದಾಗುವುದಿಲ್ಲ. ಧರ್ಮರಾಯನಿಗೂ ಪಗಡೆ ಆಡಲು ಬರುತ್ತದೆಂಬ ನಂಬಿಕೆ ಇದ್ದೇ ಇತ್ತು. ಹಣವಿಟ್ಟು ಆಡುವ ಅಂತರಜಾಲದ ಆಟಗಳನ್ನು ನಿಷೇಧಿಸಲು ಕರ್ನಾಟಕ ೨೦೨೧ರಲ್ಲಿ ತಂದ ತಿದ್ದುಪಡಿಯನ್ನು ರಾಜ್ಯದ ಉಚ್ಚ ನ್ಯಾಯಾಲಯ ೨೦೨೨ರ ಫೆಬ್ರವರಿಯಲ್ಲಿ ಅನೂರ್ಜಿತಗೊಳಿಸಿತು. ೨೦೨೫ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಕೌಶಲ, ಅದೃಷ್ಟ ಎಂಬ ಭೇದವನ್ನೇ ಎಣಿಸದೆ ಅಂಥ ಆಟಗಳನ್ನು ನಿಷೇಧಿಸಿತು. ಮಧ್ಯಮವರ್ಗದ ಸಂಸಾರಕ್ಕೆ ನ್ಯಾಯಾಲಯದ ಚರ್ಚೆಗಿಂತ ತಿಂಗಳ ಕೊನೆಯ ಲೆಕ್ಕವೇ ದೊಡ್ಡ ಪ್ರಮಾಣ. ಹುಣಿಸೆಬೀಜವನ್ನೋ ಬೆಂಕಿಕಡ್ಡಿಯನ್ನೋ ಪಣವಾಗಿಟ್ಟು ಆಡಿದರೂ ಮೇಲಿನ ವಿದ್ಯೆಯಲ್ಲಿ ಒಂದಿನಿತೂ ಕಡಿಮೆಯಾಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಇಬ್ಬರ ಆಟದಲ್ಲಿ ಹಂಚುವ ಸ್ಥಾನ ಪ್ರತಿ ಕೈಗೂ ಬದಲಾಗುತ್ತದೆ. ಕೆಟ್ಟ ಕುರ್ಚಿ ಒಬ್ಬನಿಗೇ ಮೀಸಲಲ್ಲ. ಇಂದು ನೀವು, ಮರುಕ್ಷಣ ಎದುರಿನವನು. ಬಾಡಿಗೆಯನ್ನು ಇಬ್ಬರೂ ತೆರಲೇಬೇಕು. ಆದುದರಿಂದ ಗೆಲವು ನಿರ್ಧಾರವಾಗುವುದು ಒಳ್ಳೆಯ ಕುರ್ಚಿಯಲ್ಲಿ ಯಾರು ಹೆಚ್ಚು ಗಳಿಸಿದರೆಂಬುದರಿಂದ ಎಷ್ಟೋ, ಕೆಟ್ಟ ಕುರ್ಚಿಯಲ್ಲಿ ಅರೆಬರೆ ಎಲೆ ಹಿಡಿದು ಯಾರು ಕಡಿಮೆ ಕಳೆದುಕೊಂಡರೆಂಬುದರಿಂದಲೂ ಅಷ್ಟೇ. ಗಳಿಸಿದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಳೆಯದೆ ಉಳಿಸಿಕೊಂಡದ್ದು ಉಳಿಸಿದವನಿಗೆ ಮಾತ್ರ ಗೊತ್ತು. ಸಂಬಳದ ದಿನಕ್ಕೂ ಮುಂದಿನ ಸಂಬಳದ ದಿನಕ್ಕೂ ನಡುವೆ ಮನೆ ನಡೆಸುವ ಗೃಹಿಣಿಗೆ ಈ ಗಣಿತವನ್ನು ಯಾವ ವಿಶ್ವವಿದ್ಯಾಲಯವೂ ಕಲಿಸಬೇಕಾಗಿಲ್ಲ.